ಪಟಾನ್‌ಚೆರುವಿನ ಸಮುದ್ರ

ಹೈದರಾಬಾದಿಗೆ ಬಂದು ಕೆಲಸಕ್ಕೆ ಸೇರಿದ ದಿನವೇ ನನಗೆ ಸಮುದ್ರ ತಯಾರಿಸಲು ಹೇಳಿದರು. ಊರಿನವರೇ, ನಗಬೇಡಿ. ಪಟಾನ್‌ಚೆರುವಿನ ಒಂದು ಶೆಡ್ಡಿನಲ್ಲಿ ಟ್ಯಾಂಕಿಗೆ ನೀರು ಬಿಟ್ಟು, ಮೂಟೆ ಬಿಚ್ಚಿ ಲವಣ ಸುರಿದು ಕದಡಿದೆ. ಹೊನ್ನಾವರದ ದಂಡೆಯಲ್ಲಿ ಹುಟ್ಟಿದ ನನಗೆ ಅದು ಅಪಚಾರದಂತೆ ಕಂಡಿತು.

ಕೂಕಟ್‌ಪಲ್ಲಿಯಲ್ಲಿ ನನ್ನ ಕೋಣೆ. ಬೆಳಿಗ್ಗೆ ನನ್ನ ವಯಸ್ಸಿನವರೆಲ್ಲ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಹೈಟೆಕ್ ಸಿಟಿಗೆ ಹೊರಟರೆ, ನಾನು ಔಷಧ ಕಾರ್ಖಾನೆಯ ಕೆಲಸಗಾರರ ಜೊತೆ ಬೇರೆ ಬಸ್ಸಿಗೆ ಜೋತುಬೀಳುತ್ತಿದ್ದೆ. ಮನೆಯ ಮಾಲೀಕರು ರಾಯಚೂರು ಕಡೆಯ ಶಾಂತಕ್ಕ. ನನ್ನ ಕೆಲಸ ಕೇಳಿ ಬಿದ್ದುಬಿದ್ದು ನಕ್ಕರು.

“ಕುಡಿಯಾಕ ದಿನಾ ನೀರು ಬರಂಗಿಲ್ಲ, ನೀ ಸಮುದ್ರ ಮಾಡಾಕತ್ತೀ ಏನವಾ?”

ನಕ್ಕರೂ ಬಿಸಿ ರೊಟ್ಟಿ ಕೊಡುವುದನ್ನು ತಪ್ಪಿಸಲಿಲ್ಲ. ಮೀನಿಲ್ಲದ ಊಟಕ್ಕೆ ಮಾತ್ರ ನನ್ನ ನಾಲಗೆ ಒಗ್ಗಲೇ ಇಲ್ಲ.

ನಾವು ಬೆಳೆಸುತ್ತಿದ್ದುದು ಕಡಲಪಾಚಿಯ ಸಸಿ. ಊರಲ್ಲಿ ಹಗ್ಗಕ್ಕೆ ಕಟ್ಟಿ ಪಾಚಿ ಬೆಳೆಯುವವರು, ನನ್ನ ಅಕ್ಕನೂ ಸೇರಿದಂತೆ, ಬೀಜಕ್ಕೆಂದು ಪ್ರತಿ ಸಲ ಬಂಡೆಯ ಮೇಲಿನದನ್ನೇ ಕೊಯ್ದು ತರುತ್ತಿದ್ದರು. ಬಂಡೆಗಳು ಬೋಳಾಗತೊಡಗಿದ್ದವು. ಟ್ಯಾಂಕಿನ ಸಸಿ ಬದುಕಿದರೆ ಬಂಡೆಯದು ಉಳಿಯುತ್ತದೆ. ಇಲ್ಲವಾದರೆ ಅಕ್ಕ ಮತ್ತೆ ಕತ್ತಿ ಹಿಡಿಯಬೇಕು.

ಬೇಸಿಗೆಯಲ್ಲಿ ಸಸಿ ಬಿಳಿಚಿಕೊಂಡಿತು. ನೀರು ಇಳಿದಂತೆಲ್ಲ ನಾನು ಉಪ್ಪುನೀರನ್ನೇ ತುಂಬುತ್ತಿದ್ದೆ. ನಮ್ಮೂರಲ್ಲಿ ಇಳಿದ ಕಡಲನ್ನು ತುಂಬುವುದು ಕಡಲೇ ಅಲ್ಲವೇ? ಕೊನೆಗೆ ಬೆರಳದ್ದಿ ನೆಕ್ಕಿದೆ. ಇಷ್ಟು ಉಪ್ಪಿನ ಸಮುದ್ರವನ್ನು ನಾನು ಕಂಡವಳಲ್ಲ. ಇಲ್ಲಿನ ಒಣಗಾಳಿ ನೀರನ್ನಷ್ಟೇ ಕುಡಿದು ಉಪ್ಪನ್ನು ಬಿಟ್ಟುಹೋಗುತ್ತಿತ್ತು. ಗಾಬರಿಯಲ್ಲಿ ಸಿಹಿನೀರಿನ ಬಕೆಟ್ಟು ಎತ್ತಿದೆ. ಜೊತೆಗೆ ಕೆಲಸ ಮಾಡುವ ಯಾದಗಿರಿ ತಡೆದರು.

“ನಿಮ್ಮಳಂಗ ಪೊಯ್ಯಂಡಿ, ಮೇಡಂ.”

ನಿಧಾನವಾಗಿ ಸುರಿಯಿರಿ ಎಂದರ್ಥ. ಆದರೆ ಇಲ್ಲಿಯವರ ‘ನಿಮ್ಮಳ’ದಲ್ಲಿ ನಿಧಾನದ ಜೊತೆ ಸಮಾಧಾನವೂ ಇದೆ. ಚೊಂಬು ಚೊಂಬಾಗಿ ಸುರಿದೆವು. ಅರ್ಧ ಟ್ಯಾಂಕಿನ ಸಸಿ ಉಳಿಯಿತು.

ಮಳೆಗಾಲ ಮುಗಿದ ಮೇಲೆ ಆ ಸಸಿ ಊರಿಗೆ ಹೋಯಿತು. ಆಮೇಲೆ ಫೋನು ಸದ್ದು ಮಾಡಿದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದೆ. ಒಂದು ಮಧ್ಯಾಹ್ನ ಅಕ್ಕನೇ ಮಾತಾಡಿದಳು.

“ಸಸಿ ಚಲೋ ಬಂದದೆ ಕಾಣು. ಈ ಸಲ ಬಂಡೆ ಮುಟ್ಟಲೇ ಇಲ್ಲ.”

ಶೆಡ್ಡಿನ ಹೊರಗೆ ನಿಂತು ಅತ್ತುಬಿಟ್ಟೆ. ಅವಳ ಫೋನು ಯಾವತ್ತೂ ಮುಗಿಯುವುದು “ನೀ ಊರಿಗೆ ಯಾವಾಗ ಬತ್ತೆ?” ಎಂಬಲ್ಲಿಗೆ. ಅಂದು ಕೇಳಲಿಲ್ಲ. ನಾನೇ ಬಾಯಿಬಿಟ್ಟೆ.

“ಅಕ್ಕಾ, ಇನ್ನು ಬಂದ್ಬಿಡ್ತೆ.”



“ನೀ ಬಂದ್ರೆ ಮುಂದಿನ ಸಸಿ ಯಾರು ಕಳಿಸ್ತ್ರು? ಅಲ್ಲೇ ಇರು, ತಂಗಿ.”