ಬೀಳುವ ಹಾಯಿಗೆ ಹಗ್ಗದ ಜೋಲಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ, ಜೋಲಿಯಕ್ಕನ ಪಿತ್ತ ಆಗಲೇ ನೆತ್ತಿಗೇರಿದೆ. ದೋಣಿಯ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡೇ ಬೈಯುತ್ತಿದ್ದಾರೆ.

“ಅಳತೆ ಕಳ್ಸಿ ಅಂದ್ರೆ ಹಾಯಿ ಮಡಚಿ, ಬಿಗಿಯಾಗಿ ಕಟ್ಟಿ ಅಳತೆ ತೆಗ್ದಿದ್ದೀರಲ್ಲ! ಗಾಳೀಲಿ ಇಳಿಯೋ ಹಾಯಿ ಅಷ್ಟು ಶಿಸ್ತಾಗಿ ಬಂದು ಕೂತ್ಕೊಳ್ಳುತ್ತಾ?”

ದೋಣಿಯ ಯಜಮಾನರು ತಲೆ ಕೆರೆದುಕೊಳ್ಳುತ್ತಾರೆ. ಉಬ್ಬರದ ನೀರು ಇಳಿಯುವ ಮೊದಲು ಅವರು ಹೊರಡಬೇಕು.

ಇದು ಅಡ್ಡಡ್ಡ ಬಿದಿರುಕೋಲು ಕಟ್ಟಿದ ಹಾಯಿ. ಹಗ್ಗ ಸಡಿಲಿಸಿದರೆ ಬೀಸಣಿಗೆಯಂತೆ ಮಡಚಿಕೊಂಡು ಧೊಪ್ಪನೆ ಇಳಿಯುತ್ತದೆ. ಭಾರ ಇಬ್ಬರು ದೊಡ್ಡವರಷ್ಟು. ಅದು ತಲೆಯ ಮೇಲೆ ಬೀಳದಂತೆ ಹಿಡಿಯುವುದು ಹಿಂದೊಂದು, ಮುಂದೊಂದು ತೂಗುವ ಹಗ್ಗದ ಜೋಲಿ. ಜೋಡಿಗೆ ಹದಿನಾರು ಮಾರು ಹಗ್ಗ, ಮೂರು ದಿನದ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅಕ್ಕನ ಕೈ ಇದನ್ನೇ ಹೆಣೆಯುತ್ತಿದೆ. ಹಾಯಿ ಹೊಲಿದವರನ್ನು ಎಲ್ಲರೂ ಹೊಗಳುತ್ತಾರೆ. ಜೋಲಿ ಕಟ್ಟಿದವರು ಯಾರೆಂದು ಕೇಳುವವರಿಲ್ಲ.

ಮೊದಲ ಜೋಲಿ ಹೆಣೆದದ್ದು ಗಂಡನ ಭುಜ ಮುರಿದ ಮೇಲೆ. ಯಾರೋ ಗಡಿಬಿಡಿಯಲ್ಲಿ ಕಟ್ಟಿದ್ದ ಜೋಲಿ ತಪ್ಪಿ ಹಾಯಿ ಅವರ ಮೇಲೆ ಬಿದ್ದಿತ್ತು. ಇವತ್ತಿಗೂ ಆ ಕೈ ತಲೆ ಬಾಚುವಷ್ಟು ಮೇಲೇಳುವುದಿಲ್ಲ. ದಿನಾ ಅಕ್ಕನೇ ಬಾಚುತ್ತಾರೆ. ಅಂದಿನಿಂದ ಒಂದೇ ಹಟ: ಮೂರು ಸಲ ಹಾಯಿ ಏರಿಸಿ ಇಳಿಸದೆ ಕೊನೆಯ ಗಂಟು ಬಿಗಿಯುವುದಿಲ್ಲ. ಅದಕ್ಕೇ ಅವರನ್ನು ಕಂಡರೆ ದೋಣಿಯ ಯಜಮಾನರಿಗೆಲ್ಲ ತಲೆನೋವು.

ಎರಡು ಸಲ ಇಳಿಸಿದ್ದಾಗಿದೆ.

“ಸರಿಯಾಗೇ ಕೂತಿತಲ್ಲಕ್ಕಾ, ಬಿಟ್ಬಿಡಿ. ನೀರು ಇಳೀತಿದೆ,” ಎನ್ನುತ್ತಾರೆ ಯಜಮಾನರು.

“ನೀರು ನಾಳೆನೂ ಬರುತ್ತೆ. ಆ ಕಡೆ ಸರೀರಿ ಮೊದ್ಲು!”

ಮೂರನೆಯ ಸಲಕ್ಕೆ ಗಾಳಿ ಎದ್ದಿದೆ. ಹಾಯಿ ಓರೆಯಾಗಿ ಇಳಿದು, ಹಿಂದಿನ ಜೋಲಿಯ ಅಂಚು ದಾಟಿ, ಯಜಮಾನರು ಈಗಷ್ಟೇ ನಿಂತಿದ್ದ ಜಾಗಕ್ಕೇ ಬೀಳುತ್ತದೆ. ಹಲಗೆ ನಡುಗುತ್ತದೆ. ಅಕ್ಕನಿಗೆ ಗೆದ್ದ ಖುಷಿಯೇನೂ ಇಲ್ಲ, ಇದೆಲ್ಲ ಸಾಕುಸಾಕಾಗಿದೆ. ಗಂಟು ಬಿಚ್ಚಿ, ಜೋಲಿಯನ್ನು ಒಂದು ಗೇಣು ಅಗಲಿಸಿ ಮತ್ತೆ ಹೆಣೆಯತೊಡಗುತ್ತಾರೆ. ಯಜಮಾನರು ಗಡಿಯಾರ ನೋಡುವುದನ್ನು ಬಿಟ್ಟು, ಹಗ್ಗದ ತುದಿ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಇವತ್ತಿನ ನೀರು ತಪ್ಪಿದಂತೆಯೇ.

ನಿಮಗೇನು ಆಸೆ ಎಂದು ಯಜಮಾನರು ಕೇಳಿದರೆ ಅದಕ್ಕೂ ಅಕ್ಕ ಸಿಡುಕುತ್ತಾರೆ.

“ಆಸೆ ಏನ್ಬಂತು? ನನ್ ಜೋಲಿ ಇರೋ ದೋಣೀಲಿ ಹೋದವ್ರು ಮನೆಗ್ ಬಂದು ಅವರವರ ತಲೆ ಅವರೇ ಬಾಚ್ಕೊಳ್ಳಿ. ಅಷ್ಟು ಸಾಕು ನಂಗೆ.”