ಟಿಕೆಟ್ಟಿಲ್ಲದೆ ಕೇಳಿದ ಹಾಡು

ಆ ಸಂಗೀತೋತ್ಸವದ ಟಿಕೆಟ್ ಕೊಳ್ಳುವ ಶಕ್ತಿ ನಮ್ಮ ಮನೆಗೆ ಇರಲಿಲ್ಲ. ಇದ್ದಿದ್ದರೂ ಹಾಡು ಕೇಳುವುದಕ್ಕಾಗಿ ದುಡ್ಡು ಬೇಕೆಂದು ಅಪ್ಪನ ಮುಂದೆ ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ಮಡಗಾಂವದ ಮೂರು ಮನೆಗಳಲ್ಲಿ ಭಾಂಡೆ ತೊಳೆಯುತ್ತಿದ್ದಳು. ನಾವಿದ್ದದ್ದು ಅಲ್ಲಿಯದೇ ಮೋತಿ ಡೊಂಗರ ಎಂಬ ಗುಡ್ಡದ ಏರಿನಲ್ಲಿ. ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಪರದೇಶದ ಒಬ್ಬ ಗಾಯಕಿಯ ಹಾಡುಗಳನ್ನು ಎರಡು ವರ್ಷದಿಂದ ಬಸ್ಸಿನಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ, ನಳದ ನೀರಿಗೆ ಪಾಳಿ ನಿಂತಾಗ ಕೇಳುತ್ತಲೇ ಇದ್ದೆ. ಇಯರ್‌ಫೋನಿನ ಒಂದು ಕಡೆ ಕೆಟ್ಟುಹೋಗಿತ್ತು. ಅವಳ ದನಿ ನನಗೆ ಎಡಗಿವಿಯಲ್ಲಿ ಮಾತ್ರ ಗೊತ್ತಿತ್ತು. ಅವಳು ಆ ಉತ್ಸವದಲ್ಲಿ ಹಾಡಲು ಗೋವಾಕ್ಕೆ ಬರುತ್ತಾಳೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ದಾರಿ ತೋರಿಸಿದವಳು ಕಾಲೇಜಿನ ಗೆಳತಿ. ಉತ್ಸವಕ್ಕೆ ಸ್ವಯಂಸೇವಕರು ಬೇಕಂತೆ. ಮೂರು ದಿನದ ಕೆಲಸ. ಒಂದು ಕಿತ್ತಳೆ ಬಣ್ಣದ ಟೀಶರ್ಟು, ಎರಡು ಹೊತ್ತಿನ ಊಟ, ಕೊನೆಗೆ ಒಂದು ಸರ್ಟಿಫಿಕೇಟು. ಮೂರನೆಯ ದಿನ ಮಧ್ಯಾಹ್ನದ ಮೇಲೆ ಬಿಡುವು, ಆಗ ಬೇಕಾದ ವೇದಿಕೆಯ ಮುಂದೆ ಹೋಗಿ ನಿಲ್ಲಬಹುದು. ಆ ಗಾಯಕಿಯ ಹಾಡು ಇದ್ದದ್ದು ಅದೇ ಸಂಜೆ.

ಮೊಬೈಲಿನಲ್ಲೇ ಅರ್ಜಿ ತುಂಬಿದೆ. ಬರುವ ಭಾಷೆಗಳು ಯಾವುವು ಎಂದು ಅದರಲ್ಲಿ ಕೇಳಿತ್ತು. ಇಂಗ್ಲಿಷ್, ಹಿಂದಿ, ಕೊಂಕಣಿ, ಮರಾಠಿ ಎಂದು ಬರೆದೆ. ಮನೆಯಲ್ಲಿ ಆಡುವ ಕನ್ನಡವನ್ನು ಬರೆಯಲಿಲ್ಲ. ಮರೆತಿರಲಿಲ್ಲ. ಗೋವಾದಲ್ಲಿ ಘಟ್ಟದ ಆಚೆಯಿಂದ ಬಂದವರಿಗೆ ಘಾಂಟಿ ಎನ್ನುತ್ತಾರೆ. ಶಾಲೆಯಲ್ಲಿ ಏಳು ವರ್ಷ ನನ್ನ ಬೆಂಚಿನ ಹಿಂದಿನಿಂದ ಆ ಶಬ್ದ ಕೇಳಿದ್ದೆ. ಕಾಲೇಜಿಗೆ ಸೇರುವ ಹೊತ್ತಿಗೆ ನನ್ನ ಕೊಂಕಣಿ ಎಷ್ಟು ನಯವಾಗಿತ್ತೆಂದರೆ, ನಾನು ಮಡಗಾಂವದ ಹಳೆಯ ಮನೆತನದವಳೆಂದು ಕೆಲವರು ತಿಳಿದಿದ್ದರು. ನಾನು ಅವರನ್ನು ತಿದ್ದಲಿಲ್ಲ.

ಮೊದಲ ದಿನ ನನ್ನನ್ನು ಮಾಹಿತಿ ಕೇಂದ್ರದಲ್ಲಿ ನಿಲ್ಲಿಸಿದರು. ಯಾವ ವೇದಿಕೆ ಎಲ್ಲಿದೆ, ಊಟ ಎಲ್ಲಿ ಸಿಗುತ್ತದೆ, ಇಂಥವೇ ಪ್ರಶ್ನೆಗಳು. ಕುತ್ತಿಗೆಯಲ್ಲಿ ನನ್ನ ಫೋಟೊ ಇರುವ ಗುರುತಿನ ಚೀಟಿ. ನಮ್ಮ ಮೇಲ್ವಿಚಾರಕಿ ಮುಂಬಯಿಯವಳು, ನನಗಿಂತ ಐದಾರು ವರ್ಷ ದೊಡ್ಡವಳು. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದಳು, ನಾಳೆ ಕಲಾವಿದರ ಗೇಟಿಗೆ ಹಾಕುತ್ತೇನೆ ಎಂದಳು. ಸಂಜೆ ಬಸ್ಸು ಬದಲಿಸುತ್ತ ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ಎರಡೆರಡು ಸಲ ಹೇಳಿದೆ.

ಎರಡನೆಯ ದಿನ ಹನ್ನೊಂದರ ಬಿಸಿಲಿನಲ್ಲಿ ಮೇಲ್ವಿಚಾರಕಿಯ ಜೊತೆ ಕಲಾವಿದರ ಗೇಟಿನ ಕಡೆಗೇ ನಡೆಯುತ್ತಿದ್ದೆ. ಹಸಿರು ಜಾಕೀಟು ತೊಟ್ಟ ಮುದುಕಿಯೊಬ್ಬಳು ಕಸದ ಚೀಲ ಎಳೆಯುತ್ತ ಎದುರಾದಳು. ನಮ್ಮನ್ನು ನೋಡಿ ನಿಂತು, ಯಾರಿಗೆಂದಲ್ಲದೆ ಕೇಳಿದಳು.

"ಯವ್ವಾ, ಕುಡಿಯಾಕ ನೀರ ಎಲ್ಲೈತಿ?"

"ಆ ಟೆಂಟಿನ ಹಿಂದ ಡ್ರಮ್ ಐತ್ರಿ, ಅಲ್ಲಿ ಹೋಗ್ರಿ," ಅಂದುಬಿಟ್ಟೆ.

ಮೇಲ್ವಿಚಾರಕಿ ನಿಂತಳು. ನನಗೆ ಅವರ ಭಾಷೆ ಬರುತ್ತದೆಯೇ ಎಂದು ಕೇಳಿದಳು. ಸ್ವಲ್ಪ ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ನನ್ನ ಹೆಗಲ ಮೇಲೆ ಕೈ ಹಾಕಿದಳು. ಸ್ವಚ್ಛತೆಯ ಹೆಂಗಸರಿಗೆ ಹಿಂದಿಯೂ ಬರುವುದಿಲ್ಲ, ಕೊಂಕಣಿಯೂ ಬರುವುದಿಲ್ಲ, ಬೆಳಗಿನಿಂದ ಕೈ ಸನ್ನೆಯಲ್ಲಿ ಹೇಳಿ ಸಾಕಾಗಿದೆ, ಇವತ್ತೊಂದು ದಿನ ನೀನು ಅವರ ಜೊತೆ ಇರು ಎಂದಳು. ಕಲಾವಿದರ ಗೇಟಿಗೆ ಬೇರೆ ಯಾರನ್ನೋ ಕಳಿಸಿದಳು.

ಊಟದ ಮಳಿಗೆಗಳ ಹಿಂದೆ, ಸಾಲಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಶೌಚಾಲಯಗಳ ಪಕ್ಕದಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಅವರ ನಡುವೆ ನನ್ನ ಚಿಗವ್ವ ಇದ್ದಳು.

ಚಿಗವ್ವ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ವಾಸ್ಕೋದ ಬಾಯ್ನಾ ಸಮುದ್ರದಂಡೆಯ ಮೇಲೆ ಅವರ ಮನೆ ಇತ್ತು, ಗಂಡ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಅಲ್ಲಿಯ ಮನೆಗಳನ್ನು ಕೆಡವಿದಾಗ ಅವರು ಪೆಟ್ಟಿಗೆ ಗಂಟುಗಳೊಂದಿಗೆ ನಮ್ಮ ಓಣಿಗೆ ಬಂದರು. ಕೆಲವು ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಅವ್ವ ಕೆಲಸಕ್ಕೆ ಹೋದಾಗ ನನಗೆ ಉಣಿಸಿದ್ದು, ತಲೆ ಬಾಚಿದ್ದು, ಶಾಲೆಗೆ ಕೈ ಹಿಡಿದು ಕರೆದೊಯ್ದದ್ದು ಅವಳು. ಆಳುಗಳನ್ನು ಒದಗಿಸುವ ಯಾವನೋ ಮುಕಾದಮನ ಕೈಕೆಳಗೆ ಸ್ವಚ್ಛತೆಯ ಕೆಲಸಕ್ಕೆ ಹೋಗುತ್ತಾಳೆಂದು ಗೊತ್ತಿತ್ತು. ಮದುವೆಯ ಛತ್ರ, ಆಸ್ಪತ್ರೆ, ಎಲ್ಲಿಗೆಂದರೆ ಅಲ್ಲಿಗೆ ಅವನ ಟೆಂಪೋ ಒಯ್ಯುತ್ತಿತ್ತು. ಇಲ್ಲಿಗೂ ಒಯ್ಯಬಹುದೆಂದು ನನಗೆ ಹೊಳೆದಿರಲಿಲ್ಲ.

ಅವಳು ನನ್ನನ್ನು ನೋಡಿದಳು. ಮುಖ ಅರಳಿತು, ಏಳುವುದಕ್ಕೆ ಒಂದು ಕೈ ನೆಲಕ್ಕೆ ಊರಿದಳು. ನಾನು ಕಣ್ಣು ತಗ್ಗಿಸಿ ಕೈಯಲ್ಲಿದ್ದ ಕಾಗದ ನೋಡತೊಡಗಿದೆ. ಮತ್ತೆ ತಲೆ ಎತ್ತಿದಾಗ ಅವಳು ಕೂತಲ್ಲೇ ಕೂತು ಜಾಕೀಟಿನ ಜಿಪ್ಪು ಸರಿಮಾಡಿಕೊಳ್ಳುತ್ತಿದ್ದಳು.

ನನಗೆ ಇನ್ನೊಂದು ಸಂಗತಿಯೂ ಆಗಲೇ ತಿಳಿಯಿತು. ಚಿಗವ್ವನಿಗೆ ಹಿಂದಿ ಬರುತ್ತಿತ್ತು. ಕೊಂಕಣಿಯನ್ನಂತೂ ವಾಸ್ಕೋದ ಮೀನು ಮಾರುವವರ ಜೊತೆ ಜಗಳಾಡುವಷ್ಟು ಆಡುತ್ತಿದ್ದಳು. ಅಲ್ಲಿ ಕೂತವರಲ್ಲಿ ಅರ್ಧದಷ್ಟು ಮಂದಿಗೆ ಎರಡೂ ಬರುತ್ತಿದ್ದವು. ತಿಳಿಯುತ್ತದೆ ಎಂದು ಗೊತ್ತಾದರೆ ಹೋಗಿ ಬರುವವರೆಲ್ಲ ಕೆಲಸ ಹೇಳುತ್ತಾರೆ. ಅದಕ್ಕೆ ತಿಳಿಯುವುದಿಲ್ಲ ಎಂದುಕೊಂಡು ಕೂತಿದ್ದರು. ಅವರ ಗುಟ್ಟನ್ನು ನಾನು ಬಿಟ್ಟುಕೊಡಲಿಲ್ಲ. ಚಿಗವ್ವ ನನ್ನ ಗುಟ್ಟನ್ನು ಬಿಟ್ಟುಕೊಡಲಿಲ್ಲ.

ಮೇಲ್ವಿಚಾರಕಿ ಒಂದೊಂದಾಗಿ ಹೇಳಿದಳು, ನಾನು ಒಂದೊಂದಾಗಿ ಕನ್ನಡಕ್ಕೆ ತಂದೆ. ನೀವು ತೊಳೆಯುವ ಈ ಶೌಚಾಲಯಗಳನ್ನು ನೀವು ಬಳಸಬಾರದು, ನಿಮ್ಮದು ಹಿಂದಿನ ಗೇಟಿನ ಹೊರಗಿದೆ. ಫ್ರಿಜ್ಜಿನ ಬಾಟಲಿ ನೀರು ಅತಿಥಿಗಳಿಗೆ, ನಿಮಗೆ ಡ್ರಮ್ಮಿನ ನೀರು. ಇಲ್ಲಿಂದ ಯಾವ ವಸ್ತುವನ್ನೂ ಹೊರಗೆ ಒಯ್ಯಬಾರದು. ಪ್ರತಿ ಮಾತಿಗೂ 'ರಿ' ಸೇರಿಸಿದೆ, ಅದರಿಂದ ಮಾತು ಮೆತ್ತಗಾಗುತ್ತದೆ ಎಂಬಂತೆ. ಹಿಂದಿನ ಗೇಟು ಅಲ್ಲಿಂದ ಹದಿನೈದು ನಿಮಿಷದ ನಡಿಗೆ.

ಕೊನೆಗೆ ಚಿಗವ್ವ ಎದ್ದು ನಿಂತು ನನಗೆ ಹೇಳಿದಳು.

"ಆತ್ರಿ ಮೇಡಮ್. ನೀವ್ ಹೇಳಿದಂಗ ಮಾಡ್ತೇವ್ರಿ."

ಅದರಲ್ಲಿ ಕುಹಕ ಇರಲಿಲ್ಲ. ಅವಳು ನನಗೆ ಸಹಾಯ ಮಾಡುತ್ತಿದ್ದಳು.

ನಾಲ್ಕು ಗಂಟೆಯ ಸುಮಾರಿಗೆ ಒಬ್ಬ ಅತಿಥಿಯ ಮೊಬೈಲು ಕಳೆಯಿತು. ಹುಡುಗಿ ಅಳುತ್ತಿದ್ದಳು. ಶೌಚಾಲಯಕ್ಕೆ ಹೋಗುವಾಗ ಕೈಯಲ್ಲಿತ್ತು, ಬರುವಾಗ ಇರಲಿಲ್ಲ ಎನ್ನುತ್ತಿದ್ದಳು. ಆ ಸಾಲಿನಲ್ಲಿ ಆಗ ಕೆಲಸದಲ್ಲಿದ್ದದ್ದು ಚಿಗವ್ವ. ಕಾವಲಿನವರು ಇಬ್ಬರು ಬಂದರು, ಮುಕಾದಮ ಬಂದ, ಮೇಲ್ವಿಚಾರಕಿ ನನ್ನನ್ನು ಕರೆಸಿದಳು. ಸುತ್ತ ಹತ್ತಾರು ಜನ ನಿಂತಿದ್ದರು, ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು. ಅವಳ ಚೀಲ ಬಿಚ್ಚಿಸಬೇಕೆಂದು ಕಾವಲಿನವನು ನನಗೆ ಹಿಂದಿಯಲ್ಲಿ ಹೇಳಿದ.

"ಚೀಲ ಬಿಚ್ಚಿ ತೋರಸಬೇಕಂತ್ರಿ," ಎಂದೆ.

ಅವಳು ಚೀಲವನ್ನು ನೆಲಕ್ಕಿಟ್ಟು ಬಿಚ್ಚಿದಳು. ರೊಟ್ಟಿ ಕಟ್ಟಿ ತಂದಿದ್ದ ಬಟ್ಟೆ, ಎಲೆ ಅಡಿಕೆಯ ಸಂಚಿ, ಒಂದು ಹಳೆಯ ಶಾಲು. ಮೊಬೈಲಿರಲಿಲ್ಲ. ಶಾಲಿನಡಿಯಲ್ಲಿ ಎರಡು ಬಾಟಲಿ ನೀರಿದ್ದವು, ಅತಿಥಿಗಳ ಫ್ರಿಜ್ಜಿನವು. ಒಂದು ಅರ್ಧ ಖಾಲಿ.

ಎಲ್ಲಿಂದ ಬಂತೆಂದು ಕೇಳು ಎಂದರು. ಕೇಳಿದೆ.

"ಅಂಗಡಿಯಾಕಿ ಕೊಟ್ಟಾಳ್ರಿ. ನಮ್ಮ ಮುದಿಕಿಗೆ ಬಿಸಲಿಗೆ ಚಕ್ಕರ ಬಂದಿತ್ರಿ, ಅದಕ್ಕ ಇಸ್ಕೊಂಡೇನ್ರಿ."

ನಾನು ಹಾಗೆಯೇ ಹಿಂದಿಯಲ್ಲಿ ಹೇಳಿದೆ. ಯಾವ ಅಂಗಡಿ ಎಂದು ಯಾರೂ ಹೋಗಿ ನೋಡಲಿಲ್ಲ. ಬೆಳಿಗ್ಗೆಯೇ ಹೇಳಿದ್ದೆವಲ್ಲ ಎಂದ ಕಾವಲಿನವನು. ನೀರು ಒಯ್ದವಳು ಮೊಬೈಲು ಒಯ್ಯುವುದಿಲ್ಲವೇ ಎಂದು ಗುಂಪಿನಿಂದ ಯಾರೋ ಅಂದರು. ಮೇಲ್ವಿಚಾರಕಿಗೆ ಪಾಪ ಅನ್ನಿಸಿರಬೇಕು. ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು, ನೀನು ಇವರ ಕಡೆಯವಳಲ್ಲವೇ, ಇವಳು ನಿನಗೆ ಗೊತ್ತೇ, ಎಂಥವಳು ಎಂದು ಹಿಂದಿಯಲ್ಲಿ ಕೇಳಿದಳು. ಪಕ್ಕಕ್ಕೆ ಎಂದರೆ ನಾಲ್ಕು ಹೆಜ್ಜೆ.

ನನಗೆ ಗೊತ್ತಿಲ್ಲ, ಇವರೆಲ್ಲ ಆ ಕಡೆಯವರು, ನಾನು ಮಡಗಾಂವದವಳು ಎಂದೆ.

ನನ್ನ ಜೊತೆಗೇ ಸ್ವಯಂಸೇವಕಿಯಾಗಿದ್ದ ಕಾಲೇಜಿನ ಗೆಳತಿ ಆ ಗುಂಪಿನಲ್ಲಿದ್ದಳು, ಅದಕ್ಕೆ ಹಾಗೆ ಅಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವಳು ಇರದಿದ್ದರೂ ಅದನ್ನೇ ಅನ್ನುತ್ತಿದ್ದೆ.

ಮುಕಾದಮ ಚಿಗವ್ವನ ಜಾಕೀಟು ಬಿಚ್ಚಿಸಿಕೊಂಡ. ನಾಳೆಯಿಂದ ಬರಬೇಡ ಎಂದ. ಟೆಂಪೋ ಬರುವುದು ರಾತ್ರಿಗೆ, ಅಲ್ಲಿಯವರೆಗೆ ಗೇಟಿನ ಹೊರಗೆ ಇರು ಎಂದ. ಅವಳು ಚೀಲದ ಬಾಯಿ ಕಟ್ಟಿ, ಸೆರಗು ಹೊದ್ದುಕೊಂಡು, ಹಿಂದಿನ ಗೇಟಿನ ಕಡೆಗೆ ನಡೆದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು ಎಂದು ಆಗ ನನಗೆ ಸಮಾಧಾನವಾದದ್ದನ್ನೂ ಇಲ್ಲಿ ಬರೆಯಬೇಕು.

ಒಂದು ತಾಸಿನೊಳಗೆ ಮೊಬೈಲು ಸಿಕ್ಕಿತು. ಶೌಚಾಲಯಕ್ಕೆ ಹೋಗುವಾಗ ಆ ಹುಡುಗಿಯೇ ಅದನ್ನು ಜೊತೆಗಿದ್ದವಳ ಚೀಲಕ್ಕೆ ಹಾಕಿದ್ದಳಂತೆ. ಮೇಲ್ವಿಚಾರಕಿ ನಕ್ಕು ಹೇಳಿದಳು. ಹಾಗಾದರೆ ಮುಕಾದಮನಿಗೆ ತಿಳಿಸಬೇಕಲ್ಲ ಎಂದೆ. ಹೌದು ಹೌದು, ನಾಳೆ ನೆನಪು ಮಾಡು ಎಂದಳು. ಮರುದಿನ ನಾನು ನೆನಪು ಮಾಡಲಿಲ್ಲ. ನೆನಪು ಮಾಡಿದರೆ ಆ ಹೆಂಗಸಿನ ಬಗ್ಗೆ ನಿನಗ್ಯಾಕೆ ಇಷ್ಟು ಎಂದು ಕೇಳಿಯಾಳು ಎಂದು ಹೆದರಿದೆ.

ಮೂರನೆಯ ದಿನ ಸಂಜೆ, ಸೂರ್ಯ ಇನ್ನೂ ಇರುವಾಗಲೇ ಆ ಗಾಯಕಿ ವೇದಿಕೆಗೆ ಬಂದಳು. ನಾನು ಮಧ್ಯಾಹ್ನದಿಂದ ಕಾದು ಮುಂದಿನ ಕಟಕಟೆಗೆ ಎದೆ ಆನಿಸಿ ನಿಂತಿದ್ದೆ. ಎರಡು ವರ್ಷ ಒಂದು ಕಿವಿಯಲ್ಲಿ ಕೇಳಿದ ದನಿ ಎರಡೂ ಕಿವಿ ತುಂಬಿ, ಹೊಟ್ಟೆಯೊಳಗೆ ನಡುಗಿತು. ನನಗೆ ಸಂತೋಷವಾಗಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು. ಆದರೆ ಆಯಿತು. ಪ್ರತಿ ಹಾಡಿಗೂ ಕೈ ಎತ್ತಿ ಕುಣಿದೆ. ಎಲ್ಲವೂ ಬಾಯಿಪಾಠ ಇದ್ದವು, ಗಂಟಲು ಹರಿಯುವಂತೆ ಹಾಡಿದೆ. ಆ ಒಂದು ತಾಸು ಚಿಗವ್ವನ ನೆನಪು ನನಗೆ ಒಮ್ಮೆಯೂ ಬರಲಿಲ್ಲ.

ಬಂದದ್ದು ಮಾರನೆಯ ಬೆಳಿಗ್ಗೆ, ಅವ್ವ ಚಹಾ ಸೋಸುತ್ತ, ನಿನ್ನ ಚಿಗವ್ವನಿಗೆ ಯಾಕೋ ಕೆಲಸ ಬಿಡಿಸಿದ್ದಾರಂತೆ, ಏನು ಕೇಳಿದರೂ ಹೇಳುವುದಿಲ್ಲ ಎಂದಾಗ. ನಾನು ಚಹಾ ಕುಡಿದು ಕಾಲೇಜಿಗೆ ಹೋದೆ. ಅವಳ ಮನೆ ನಮ್ಮ ಮನೆಯಿಂದ ಎರಡು ಬಾಗಿಲು ಆಚೆ. ಅಲ್ಲಿಗೆ ಹೋಗುವುದಕ್ಕೆ ನನಗೆ ಆರು ದಿನ ಬೇಕಾಯಿತು.

ಹೋದಾಗ ಮಧ್ಯಾಹ್ನ. ಅವಳು ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ತಪ್ಪಾಯಿತು ಎಂದು ಶುರು ಮಾಡಿದೆ. ಗೆಳತಿ ಇದ್ದಳು, ಜನ ಇದ್ದರು, ನೀನು ನನ್ನ ಚಿಗವ್ವ ಎಂದು ಹೇಗೆ ಹೇಳಲಿ ಎಂದೆ. ಅವಳು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ಚಿಗವ್ವ ಅನಲಿಲ್ಲಂತ ನನಗ ಸಿಟ್ಟಿಲ್ಲ. ಆ ಕೆಲಸದಾಗ ನನ್ನ ನೋಡಿ ನೀ ಚಿಗವ್ವ ಅಂದಿದ್ರ ನಾನಽ ಬ್ಯಾಡ ಅಂತಿದ್ದೆ."

ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

"ಆದ್ರ ಈಕಿ ಕಳ್ಳಿ ಅಲ್ಲ ಅಂತ ಒಂದ ಮಾತ ಅನಬಹುದಿತ್ತು. ಅದನ್ನ ಅನ್ನಾಕ ಸಂಬಂಧಿಕರಽ ಆಗಬೇಕಂತ ಇಲ್ಲ. ದಾರಾಗ ಹೋಗಾವ್ರೂ ಅಂತಾರ."

ಮೊಬೈಲು ಸಿಕ್ಕಿತು ಎಂದು ಹೇಳಿದೆ, ಅದರಿಂದ ಅವಳಿಗೆ ಏನಾದರೂ ಆದೀತು ಎಂಬಂತೆ. ಅದು ಅವಳಿಗೆ ಗೊತ್ತಿತ್ತು. ಆ ರಾತ್ರಿಯೇ ಟೆಂಪೋದಲ್ಲಿ ಜೊತೆ ಕೆಲಸದ ಆ ಮುದುಕಿ ಹೇಳಿದ್ದಳಂತೆ. ಆದರೂ ಮುಕಾದಮ ಮತ್ತೆ ಕರೆಯಲಿಲ್ಲ. ಮೊಬೈಲು ಸಿಕ್ಕ ಸುದ್ದಿ ಅಲ್ಲಿಯೇ ಉಳಿಯಿತು, ಚೀಲ ಬಿಚ್ಚಿಸಿದ ಸುದ್ದಿ ಡೊಂಗರ ಹತ್ತಿ ಬಂತು. ಅವಳನ್ನು ಮೊದಲು ಮನೆಗೆಲಸಕ್ಕೆ ಕರೆಯುತ್ತಿದ್ದವರೂ ಈಗ ಬೇಡ ಎಂದರು. ಮಳೆಗಾಲದ ಮೊದಲು ಅವಳು ಖೋಲಿ ಬಿಟ್ಟು ಕೊರ್ತಾಲಿಮ್‌ಗೆ ಹೋದಳು. ಅಲ್ಲಿ ಕಟ್ಟಡದ ಕೆಲಸದವರಿಗೆ ರೊಟ್ಟಿ, ಪಲ್ಯ ಮಾಡಿ ಮಾರುತ್ತಾಳೆ.

ಉತ್ಸವದ ಸರ್ಟಿಫಿಕೇಟು ಎರಡು ತಿಂಗಳ ಮೇಲೆ ಬಂತು. ಜನರೊಂದಿಗೆ ವ್ಯವಹರಿಸುವುದರಲ್ಲಿ ನಾನು ವಿಶೇಷ ಜಾಣ್ಮೆ ತೋರಿದೆನೆಂದು ಮೇಲ್ವಿಚಾರಕಿ ಅದರಲ್ಲಿ ಬರೆಸಿದ್ದಳು. ಅದನ್ನೇ ತೋರಿಸಿ ಒಂದು ಹೋಟೆಲಿನ ರಿಸೆಪ್ಶನ್ನಿನಲ್ಲಿ ನನಗೆ ಕೆಲಸ ಸಿಕ್ಕಿತು. ಇವತ್ತಿಗೂ ಅಂಥದೇ ಕೆಲಸದಲ್ಲಿದ್ದೇನೆ. ಚೀಲ ಬಿಚ್ಚಿಸಿದ ಸುದ್ದಿ ಅವ್ವನಿಗೂ ತಲುಪಿತ್ತು, ಆದರೆ ಅಲ್ಲಿ ನಾನಿದ್ದೆನೆಂದು ನಾನೂ ಹೇಳಲಿಲ್ಲ, ಚಿಗವ್ವನೂ ಹೇಳಲಿಲ್ಲ. ತಂಗಿ ನಮ್ಮನ್ನೂ ಬಿಟ್ಟು ಯಾಕೆ ದೂರ ಹೋದಳೆಂದು ಅವ್ವ ಈಗಲೂ ನನ್ನನ್ನೇ ಕೇಳುತ್ತಾಳೆ.

ಪಣಜಿಗೆ ಹೋಗುವಾಗ ಕೆಲವೊಮ್ಮೆ ಕೊರ್ತಾಲಿಮ್‌ನಲ್ಲಿ ಇಳಿಯುತ್ತೇನೆ. ಉಂಡಿಯಾ ಎಂದು ಕೇಳುತ್ತಾಳೆ, ರೊಟ್ಟಿ ಕೊಡುತ್ತಾಳೆ, ಅವ್ವನ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಾಳೆ. ನಾನು ತಡವಾಗಿ ಬಂದರೆ, ತೆಳ್ಳಗಾದರೆ, ಇನ್ನೂ ಮದುವೆ ಬೇಡ ಎಂದರೆ ಉಳಿದವರೆಲ್ಲ ಬೈಯುತ್ತಾರೆ. ಮೊದಲು ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದ ಅವಳು ಈಗ ಬೈಯುವುದಿಲ್ಲ. ನಾನು ಹೇಳಿದ್ದಕ್ಕೆಲ್ಲ ಹೌದು ಎನ್ನುತ್ತಾಳೆ, ಆಮೇಲೆ ಮುಂದಿನ ಗಿರಾಕಿಯ ಕಡೆ ತಿರುಗುತ್ತಾಳೆ.