ಹತ್ತೊಂಬತ್ತನೇ ಸಾಲಿನ ಬರಿ ನೆಲ

ನಮ್ಮೂರು ಮಚಾಲದ ಬಾಳೆ ತೋಟಗಳಲ್ಲಿ ಗೊನೆ ಕಡಿಯುವವರಿಗೆ ಸಲ್ಲುವ ಹೆಸರು ದಿಂಡು ನೋಡಿಕೊಳ್ಳುವವರಿಗೆ ಸಿಗುವುದಿಲ್ಲ. ಆ ಕೆಲಸವನ್ನೇ ನಲವತ್ತೊಂದು ವರ್ಷ ಮಾಡಿ ಈ ತಿಂಗಳು ನಿವೃತ್ತರಾದ, ಎಲ್ಲರೂ ಗೌರವದಿಂದ 'ದೋನ್' ಎಂದು ಕರೆಯುವ ಎಲಿಯೊದೊರೊ ಕಿಮಿ ಅವರ ಕುರಿತು ಬರೆಯುವುದು ನನ್ನ ಭಾಗ್ಯ.

ಒಳಗಿನ ಹಸಿರಿಗೆ ಗೀರು ಬೀಳದಂತೆ ದಿಂಡಿನ ಒಣಪಟ್ಟೆ ಸುಲಿದು, ಬುಡದಲ್ಲೆದ್ದ ಮರಿಗಿಡಗಳಾದ ಕಂದುಗಳಲ್ಲಿ ಒಂದನ್ನೇ ಉಳಿಸಿ ಮಿಕ್ಕವನ್ನು ಕತ್ತರಿಸುವುದು ಅವರ ನಿತ್ಯದ ಕಾಯಕ. 'ದೋನ್, ನಂದೂ ಗಡ್ಡ ಬೆಳೆದೈತೆ, ಒಂದ್ ಕೈ ನೋಡ್ರಿ' ಎಂದು ಜೊತೆಯವರು ಕೆಣಕಿದರೆ, 'ಗೊನೆ ಬಿಡೋದಾದ್ರೆ ಬಾ' ಎನ್ನುತ್ತಿದ್ದರು.

ಗೊನೆ ಕೊಟ್ಟ ತಾಯಿಯ ಜಾಗಕ್ಕೆ ಪಕ್ಕದ ಕಂದು ಬರುವುದರಿಂದ ಬಾಳೆ ವರ್ಷಕ್ಕೊಂದು ಗೇಣು ನಡೆಯುತ್ತದೆ. ಯಾವ ಕಡೆಗೆ ಎಂಬುದು ಕತ್ತಿ ಹಿಡಿದವರ ಕೈಯಲ್ಲಿದೆ. ನಮ್ಮಲ್ಲಿ ಎಲ್ಲವೂ ಮೂಡಣಕ್ಕೆ.

ಹದಿನಾಲ್ಕು ವರ್ಷದ ಹಿಂದೆ, ಕೃಷಿ ಎಂಜಿನಿಯರಿಂಗ್ ಕಾಲೇಜು ಮುಗಿಸಿ ಮೇಲ್ವಿಚಾರಕಿಯಾಗಿ ಬಂದ ವಾರವೇ, ಹತ್ತೊಂಬತ್ತನೇ ಸಾಲು ಒಂದೆಡೆ ಇಬ್ಭಾಗವಾಗಿ, ಒಬ್ಬರು ಮಲಗುವಷ್ಟು ಬರಿ ನೆಲವನ್ನು ಬಳಸಿ ಹೋಗಿದ್ದು ಕಂಡಿತು. ಸರಿಪಡಿಸಿ ಎಂದೆ. ಅವರು ಕತ್ತಿಯನ್ನು ನನಗಿತ್ತರು. ಬರಿ ನೆಲದತ್ತ ಎದ್ದಿದ್ದ ಕಂದನ್ನು ನಾನೇ ಉಳಿಸಿದೆ. ನಾಲ್ಕು ತಿಂಗಳಲ್ಲಿ ಅದು ಆಳೆತ್ತರವಾಯಿತು. ಪಟ್ಟೆ ಸುಲಿದರೆ ಒಳಗೆ ಮತ್ತೊಂದು ಒಣಪಟ್ಟೆ, ಅದರೊಳಗೆ ಇನ್ನೊಂದು. ಸುಲಿಯುತ್ತಲೇ ಹೋದೆ. ಒಳಗೆ ದಿಂಡೇ ಇರಲಿಲ್ಲ.

ಅವರು ನನ್ನ ಮೇಲೆ ಯಾರಿಗೂ ದೂರು ಹೇಳಲಿಲ್ಲ. ನನ್ನ ಕೈಗಳಿಗೆ ನೀರು ಹೊಯ್ದು, ಗಡ್ಡೆಯನ್ನು ತಾವೇ ಅಗೆದು ತೆಗೆದು, ಮೆಲ್ಲಗೆ ಹೇಳಿದರು: 'ನಮ್ಮಾಕೆ ಅಸುಂತಾ ಇಲ್ಲೇ ಊಟಕ್ಕೆ ಕೂತಿದ್ಲು, ಎಂಜಿನಿಯರಮ್ಮ. ನಾನು ನೀರು ತರೋದ್ರೊಳಗೆ ಇರ್ಲಿಲ್ಲ. ಬುತ್ತಿ ಇನ್ನೂ ಬಿಸಿ ಇತ್ತು. ಹುಡುಕದ ಜಾಗ ಇಲ್ಲ. ಬಂದ್ರೆ ಕೂರೋಕೆ ಜಾಗ ಬೇಡ್ವಾ?'

ಮತ್ತೆಂದೂ ನಾನು ಆ ಸಾಲಿನ ಮಾತೆತ್ತಲಿಲ್ಲ. ನನಗೆ ಜ್ವರ ಬಂದಾಗ ಹಸಿಬಾಳೆಯ ಉಂಡೆ ಕಟ್ಟಿ ಕಳಿಸಿದವರು ಅವರು. ಕಂದು ಆರಿಸುವಾಗ ಆತುರಪಡಬಾರದೆಂದು ಕಲಿಸಿದವರೂ ಅವರೇ.

ಈಗ ಆ ಸಾಲು ನನ್ನ ಪಾಲಿಗೆ ಬಂದಿದೆ. ಅವರು ಕೆಲಸ ಬಿಟ್ಟ ಮೇಲಿನ ಮೊದಲ ಸೋಮವಾರ ನೋಡಿದೆ: ಬರಿ ನೆಲದ ಸುತ್ತ ಪ್ರತಿ ಬುಡದಲ್ಲೂ ಕಂದುಗಳು ಒಳಮುಖವಾಗಿಯೇ ಎದ್ದಿವೆ. ಹೊರಬದಿಗೆ ಒಂದೂ ಇಲ್ಲ. ಉಳಿಸಿದರೆ ಅಸುಂತಾ ಅವರ ಜಾಗ ಹೋಗುತ್ತದೆ. ಕತ್ತರಿಸಿದರೆ, ಈ ತಾಯಿಗಳು ಗೊನೆ ಕೊಟ್ಟ ಮೇಲೆ ಸಾಲೇ ಅಲ್ಲಿಗೆ ಮುಗಿಯುತ್ತದೆ. ಅದಕ್ಕೆ ತೋಟದ ಮಾಲೀಕರಿಗೆ ನಾನೇ ಉತ್ತರ ಹೇಳಬೇಕು.

ಎಲ್ಲವನ್ನೂ ಕತ್ತರಿಸಿದೆ. ಏಳುವಾಗ ಊರಿದ ಅಂಗೈಗೆ, ಆ ನೆರಳಿನಲ್ಲೂ, ಬರಿ ನೆಲ ಬೆಚ್ಚಗೆ ತಾಗಿತು, ಯಾರೋ ಈಗಷ್ಟೇ ಎದ್ದುಹೋದಂತೆ.

ದೋನ್ ಎಲಿಯೊದೊರೊ ಅವರು ಆರೋಗ್ಯವಂತರಾಗಿ ಬಹುಕಾಲ ಬಾಳಲಿ. ಶುಕ್ರವಾರಗಳಂದು ತೋಟಕ್ಕೆ ಬರುತ್ತಿರುತ್ತೇನೆ ಎಂದಿದ್ದಾರೆ. ಬರಲಿ. ಊಟದ ಹೊತ್ತಿಗೇ ಬರಲಿ.